ಆಡುವವರಿಲ್ಲದ ಆಟಿಕೆ

ಹೋದ ಮಳೆಗಾಲದಲ್ಲಿ ಹೊಸಪೇಟೆಯಿಂದ ಕೊಪ್ಪಳಕ್ಕೆ ಹೋಗುವಾಗ ಹಿಟ್ನಾಳದ ಹತ್ತಿರ ಚಹಾ ಕುಡಿಯಲು ಕಾರು ನಿಲ್ಲಿಸಿದೆವು. ಕಾರು ನಡೆಸುತ್ತಿದ್ದವನು ನನ್ನ ತಂಗಿಯ ಮಗ. ಅಂಗಡಿಯ ಮುಂದೆ ಕೋಣಗಳಂಥ ಮೋಟಾರ್ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಹಿಂದೆಯೂ ಬಟ್ಟೆಯ ಕರಡಿ, ಪ್ಲಾಸ್ಟಿಕ್ ಲಾರಿ, ಚೆಂಡು, ಕಣ್ಣು ಮಿಟುಕಿಸುವ ಗೊಂಬೆಗಳ ಗಂಟು. ಸವಾರರೆಲ್ಲ ಮೀಸೆ ಚಿಗುರಿದ ಹುಡುಗರು. ಮಳೆಯಲ್ಲಿ ತೊಯ್ದು ನಡುಗುತ್ತಾ ಮಿರ್ಚಿ ತಿನ್ನುತ್ತಿದ್ದರು. ಅವರಲ್ಲೊಬ್ಬ ನನ್ನ ಬಿಳಿ ತಲೆ ನೋಡಿ ಸಲಿಗೆಯಿಂದ ಹತ್ತಿರ ಬಂದ.

“ಅಜ್ಜೀ, ಬಡವರ ಹುಡುಗ್ರಿಗೆ ಹಂಚಾಕ ಆಟಿಗಿ ಕೂಡಸಾಕತ್ತೀವ್ರಿ. ನಿಮ್ಮ ಮನ್ಯಾಗ ಆಡೋರಿಲ್ಲದ ಆಟಿಗಿ ಇದ್ರ ಹೇಳ್ರಿ, ನಾವ ಬಂದು ಒಯ್ತೀವಿ.”

ಪಾಪ, ಹುಡುಗ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಮಾತು, ತೊಯ್ದ ಮಣ್ಣಿನ ವಾಸನೆ, ಪೆಟ್ರೋಲಿನ ವಾಸನೆ ಮೂರೂ ಒಟ್ಟಿಗೆ ಬಂದವು. ತಂಗಿಯ ಮಗ ಏನೋ ಉತ್ತರ ಕೊಟ್ಟು ಅವನನ್ನು ಕಳಿಸಿದ. ನಾನು ಆರಿದ ಚಹಾ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕುಳಿತೆ. ಎಷ್ಟು ವರ್ಷಗಳ ಹಿಂದಿನ ಮಳೆಗಾಲವೋ ಅದು, ನಿನ್ನೆ ಮೊನ್ನೆಯದರಂತೆ ಎದುರಿಗೆ ಬಂದು ನಿಂತಿತು.

ಆಗ ಕೊಪ್ಪಳ ರಾಯಚೂರು ಜಿಲ್ಲೆಯ ಒಂದು ತಾಲೂಕು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಅಲ್ಲಿ ದನದ ಡಾಕ್ಟರು. ಮನುಷ್ಯರ ಜೊತೆ ಮಾತು ಕಡಿಮೆ, ಎತ್ತು ಎಮ್ಮೆಗಳ ಜೊತೆ ಹೆಚ್ಚು. ಹಳ್ಳಿ ಹಳ್ಳಿ ತಿರುಗಲು ಒಂದು ರಾಜದೂತ ಮೋಟಾರ್ ಸೈಕಲ್ ಇಟ್ಟುಕೊಂಡಿದ್ದರು. ನಮ್ಮ ಕಡೆ ಅದಕ್ಕೆ ಫಟಫಟಿ ಅನ್ನುತ್ತಾರೆ. ಓಣಿಯ ತುದಿಯಲ್ಲಿ ಫಟಫಟಿಯ ಸದ್ದು ಕೇಳಿದರೆ ಸಾಕು, ನಮ್ಮ ಸುಮಿ ಹೊಸ್ತಿಲ ಮೇಲೆ ನಿಂತು ಕುಣಿಯುತ್ತಿದ್ದಳು.

ಸುಮಿತ್ರಾ ನಮ್ಮ ಒಬ್ಬಳೇ ಮಗಳು. ಆ ಮಳೆಗಾಲದ ಹಿಂದಿನ ವರ್ಷ ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಇನ್ನೂ ಶಾಲೆಗೆ ಸೇರಿಸುವ ವಯಸ್ಸಾಗಿರಲಿಲ್ಲ. ಆ ಬೇಸಗೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಶಕ್ತಿ ನನಗೆ ಇವತ್ತಿಗೂ ಇಲ್ಲ.

ಹೋದ ಕೂಸಿನ ಸಾಮಾನು ಮನೆಯಲ್ಲಿ ಇಡಬಾರದು ಅನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಹಾಗೆ ಇಟ್ಟರೆ ಕೂಸಿನ ಜೀವ ಮನೆಯ ಸುತ್ತಲೇ ಸುಳಿಯುತ್ತದೆ, ಮುಂದೆ ಹುಟ್ಟುವ ಕೂಸಿಗೆ ಒಳ್ಳೆಯದಾಗುವುದಿಲ್ಲ ಅನ್ನುತ್ತಾರೆ. ನಮ್ಮ ಅತ್ತೆ ಅವಳ ಲಂಗ, ಕುಲಾಯಿ, ಹಾಲಿನ ಬಟ್ಟಲು ಎಲ್ಲವನ್ನೂ ಗಂಟು ಕಟ್ಟಿ ಹೊಳೆಗೆ ಬಿಡಿಸಿದರು. ಒಂದು ಗೊಂಬೆಯನ್ನು ಮಾತ್ರ ನಾನು ಬಚ್ಚಿಟ್ಟೆ. ಸುಮಿ ಹುಟ್ಟಿದ ವರ್ಷ ಯಜಮಾನರು ಕಿನ್ನಾಳಕ್ಕೆ ಯಾರದೋ ಎತ್ತು ನೋಡಲು ಹೋದಾಗ ಅಲ್ಲಿಯ ಚಿತ್ರಗಾರರ ಮನೆಯಿಂದ ತಂದ ಕಟ್ಟಿಗೆಯ ಗೊಂಬೆ ಅದು. ಹಸಿರು ಸೀರೆ, ಕೆಂಪು ಕುಪ್ಪಸ. ಅದನ್ನು ನನ್ನ ಮದುವೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದ್ದೆ. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತೆಯ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ.

ಸುಮಿ ಹೋದ ಮೇಲೆ ಇವರಿಗೆ ರವಿವಾರ ಮನೆಯಲ್ಲಿ ಕೂರುವುದೇ ಆಗುತ್ತಿರಲಿಲ್ಲ. ಬೆಳಗಾದರೆ ಖಾಜಾಸಾಬನ ಗ್ಯಾರೇಜಿಗೆ ಹೋಗಿಬಿಡುತ್ತಿದ್ದರು. ಖಾಜಾಸಾಬ್ ಕೊಪ್ಪಳದ ಫಟಫಟಿ ಮೇಸ್ತ್ರಿ. ಊರಿನಲ್ಲಿ ಫಟಫಟಿ ಇದ್ದವರೇ ಬೆರಳೆಣಿಕೆಯಷ್ಟು ಮಂದಿ, ಅವರೆಲ್ಲರ ರವಿವಾರದ ಮಠ ಆ ಗ್ಯಾರೇಜು. ಗಂಗಾವತಿಯಿಂದ ಅಕ್ಕಿ ಗಿರಣಿಯ ಸುಬ್ಬರಾವ್ ಕೂಡ ತಮ್ಮ ಬುಲೆಟ್ ತೆಗೆದುಕೊಂಡು ಬರುತ್ತಿದ್ದರು. ಆಂಧ್ರದಿಂದ ಬಂದು ಕಾಲುವೆ ಸೀಮೆಯಲ್ಲಿ ಗದ್ದೆ ಮಾಡಿದ ಮನೆತನ ಅವರದು. ಗಾಡಿಗೆ ಏನೂ ಆಗಿರುತ್ತಿರಲಿಲ್ಲ, ಆದರೂ ಏನೋ ಸದ್ದು ಬರುತ್ತಿದೆ ಅಂತ ನೆಪ ಹೇಳಿಕೊಂಡು ಬರುವರು.

ಅಂಥ ಒಂದು ರವಿವಾರ ಖಾಜಾಸಾಬ್ ಊರಿನ ಬೋರ್ಡಿಂಗಿಗೆ ನೀರಿನ ಪಂಪು ರಿಪೇರಿ ಮಾಡಲು ಹೋದ. ದಿಕ್ಕಿಲ್ಲದ ಮಕ್ಕಳಿಗಾಗಿ ಊರಿನ ಕೆಲವರು ಸೇರಿ ನಡೆಸುತ್ತಿದ್ದ ಬೋರ್ಡಿಂಗು ಅದು. ಅವನು ಅಲ್ಲಿಂದ ಬಂದವನು ಕೆಲಸಕ್ಕೆ ಕೈ ಹಚ್ಚದೆ ಸುಮ್ಮನೆ ಕುಳಿತನಂತೆ. ಆಮೇಲೆ ನಮ್ಮ ಮನೆಗೇ ಬಂದು ಹೇಳಿದ.

“ಭಾಬೀ, ನಾ ಸುಟ್ಟ ಪ್ಲಗ್ಗು ಒಗೀತೀನಲ್ರಿ ಗ್ಯಾರೇಜಿನ ಹಿಂದ, ಅವನ್ನ ಆ ಮಕ್ಳು ಆರಿಸ್ಕೊಂಡು ಒಯ್ದಾವ್ರಿ. ಒಂದೊಂದಕ್ಕ ಚಿಂದಿ ಅರಿವಿ ಸುತ್ಯಾವು. ಸಾಲಾಗಿ ಮಲಗ್ಸಿ ಜೋಗುಳಾ ಹಾಡಾಕತ್ತಾವ್ರಿ. ಕಬ್ಬಿಣಕ್ಕ ಜೋಗುಳ!”

ಅವತ್ತೇ ಇವರು, ಖಾಜಾಸಾಬ್, ಸುಬ್ಬರಾವ್ ಮೂವರೂ ಕೂಡಿ ಗಟ್ಟಿ ಮಾಡಿದರು. ಫಟಫಟಿಗಳ ಮೇಲೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ತಿರುಗುವುದು, ಮನೆ ಮನೆಗಳಿಂದ ಆಟಿಕೆ ಕೂಡಿಸುವುದು, ನಾಗರ ಪಂಚಮಿಗೆ ಬೋರ್ಡಿಂಗಿನ ಮಕ್ಕಳಿಗೆಲ್ಲ ಹಂಚುವುದು. ಕರಪತ್ರದ ಒಕ್ಕಣೆ ಇವರು ಬರೆದರು. ಬರೆದು ನನ್ನ ಮುಂದೆ ಹಿಡಿದರು. “ಮನೆಯಲ್ಲಿ ಆಡುವವರಿಲ್ಲದ ಆಟಿಕೆಗಳಿದ್ದರೆ ಅನಾಥ ಮಕ್ಕಳಿಗೆ ದಾನ ಮಾಡಿರಿ.” ಓದಿ ತಲೆ ಎತ್ತಿದೆ. ಇವರು ಟ್ರಂಕಿನ ಕಡೆ ನೋಡುತ್ತಿದ್ದರು.

“ಸುಮೀದೂ ಕೊಡೂಣೇನು?” ಎಂದರು, ಹೆಚ್ಚು ಕಡಿಮೆ ಪಿಸುಮಾತಿನಲ್ಲಿ.

“ಬ್ಯಾಡ್ರಿ,” ಎಂದೆ.

“ಟ್ರಂಕಿನ್ಯಾಗಿಟ್ಟು ಏನ್ ಮಾಡ್ತಿ?”

“ಏನೂ ಮಾಡಂಗಿಲ್ಲ. ಇರ್ಲಿ. ಊರಾಗಿನ ಮಂದೀದೆಲ್ಲಾ ತರ್ರಿ, ನನ್ನದಕ್ಕ ಕೈ ಹಚ್ಚಬ್ಯಾಡ್ರಿ.”

ಇವರು ಮತ್ತೆ ಕೇಳಲಿಲ್ಲ. ಆದರೆ ಈ ಸವಾರಿ, ಈ ಕರಪತ್ರ, ಈ ಓಡಾಟ ಎಲ್ಲವೂ ಆ ಟ್ರಂಕಿನ ಬೀಗ ತೆಗೆಸುವುದಕ್ಕೇ ಹೂಡಿದ್ದು ಅಂತ ನನ್ನ ಹೊಟ್ಟೆಯಲ್ಲಿ ಒಂದು ಸಿಟ್ಟು ಕುಳಿತುಬಿಟ್ಟಿತು. ಕೊಟ್ಟರೆ ಸುಮಿ ಈ ಮನೆಯಲ್ಲಿ ಇದ್ದಳೆನ್ನುವುದಕ್ಕೆ ಒಂದು ಗುರುತೂ ಉಳಿಯುವುದಿಲ್ಲ. ನನಗಿದ್ದ ಭಯ ಅದೊಂದೇ.

ಕಾರ ಹುಣ್ಣಿಮೆ ಮುಗಿದ ಮೇಲೆ ಸವಾರಿ ಶುರುವಾಯಿತು. ಮೊದಲು ಗಂಗಾವತಿ. ಅಲ್ಲಿ ಸುಬ್ಬರಾವ್ ಅವರ ಮಾತು ನಡೆಯುತ್ತಿತ್ತು. ಗಿರಣಿ ಮಾಲೀಕರ, ವಕೀಲರ, ಆಂಧ್ರದವರ ಕ್ಯಾಂಪುಗಳ ರೈತರ ಮನೆಗಳಿಂದ ಕೀಲಿ ಕೊಟ್ಟರೆ ಓಡುವ ತಗಡಿನ ಮೋಟಾರು, ರಬ್ಬರಿನ ಬಾತುಕೋಳಿ, ಒಂದು ಗಾಲಿ ಇಲ್ಲದ ಮೂರು ಗಾಲಿ ಸೈಕಲ್ಲು ಬಂದವು. ಆಡುತ್ತಿದ್ದ ಮಕ್ಕಳು ಹೈಸ್ಕೂಲು ಸೇರಿದ್ದರು, ಕೆಲವರಿಗೆ ಮದುವೆಯೂ ಆಗಿತ್ತು. “ಇನ್ನೂ ಒಂದು ಬಸ್ತಾ ತುಂಬತದಂಡಿ ಡಾಕ್ಟರ್ ಗಾರು, ನಮ್ಮೋರ ಮನ್ಯಾಗ ಇಲ್ಲದ್ದೇನು!” ಎಂದು ಸುಬ್ಬರಾವ್ ಮೀಸೆ ತಿರುವಿದರಂತೆ. ಕೂಡಿದ್ದನ್ನೆಲ್ಲ ಗ್ಯಾರೇಜಿಗೆ ತಂದು ಗೋಣಿಚೀಲದಲ್ಲಿ ತುಂಬಿದರು.

ಕುಷ್ಟಗಿ ಕಡೆ ಹೋದಾಗ ಈ ಶೂರರ ಬಂಡವಾಳ ಬಯಲಾಯಿತು. ಫಟಫಟಿಗಳು ಸಾಲಾಗಿ ಊರು ಹೊಕ್ಕರೆ ಗಂಡಸರೆಲ್ಲ ಹೊಲ ಹಿಡಿದು ಓಡಿದರು. ಆಪರೇಷನ್ ಮಾಡಿಸುವವರು ಮತ್ತೆ ಬಂದರು ಅಂತ ಗುಲ್ಲಾಯಿತು. ಕುಟುಂಬ ಯೋಜನೆಯವರು ಜೀಪು ಫಟಫಟಿಗಳಲ್ಲಿ ಬಂದು ಹಿಡಿದೊಯ್ದ ದಿನಗಳನ್ನು ಆ ಮಂದಿ ಇನ್ನೂ ಮರೆತಿರಲಿಲ್ಲ. ಹೆಂಗಸರಂತೂ ಬಾಗಿಲು ಹಾಕಿಕೊಂಡರು. ಖಾಲಿ ಚೀಲದೊಂದಿಗೆ ಮುಖ ಸಣ್ಣದು ಮಾಡಿಕೊಂಡು ಬಂದ ಇವರನ್ನು ನೋಡಿ ಆ ಸಿಟ್ಟಿನಲ್ಲೂ ನನಗೆ ನಗು ಬಂತು.

“ನಗಬ್ಯಾಡ. ಮುಂದಿನ ವಾರ ನೀನೂ ಬಾ,” ಎಂದರು. “ಹೆಣ್ಮಗಳು ಇದ್ರ ಬಾಗಲಾ ತಗೀತಾರ.”

ಹಾಗೆ ನಾನು ಆ ಸವಾರಿಗೆ ಸೇರಿದೆ. ಹೋಗಬಾರದು ಅಂದುಕೊಂಡಿದ್ದೆ. ಆದರೆ ಮನೆಯ ಗೋಡೆಗಳನ್ನು ನೋಡಿ ನೋಡಿ ನನಗೂ ಸಾಕಾಗಿತ್ತು. ಆಷಾಢದ ಗಾಳಿ ಎದೆಗೆ ಬಡಿಯುತ್ತಿತ್ತು. ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಕೊಪ್ಪಿ ಮಾಡಿ ತಲೆಗೆ ಹಾಕಿಕೊಂಡು, ಒಂದು ಕಡೆ ಕಾಲು ಇಳಿಬಿಟ್ಟು, ಇವರ ಹೆಗಲು ಹಿಡಿದು ಕುಳಿತೆ. ಎರೆ ಸೀಮೆ ಬಂತೆಂದರೆ ಗಾಲಿಗೂ ಮಡಗಾರ್ಡಿಗೂ ನಡುವೆ ಕರಿ ಮಣ್ಣು ತುಂಬಿ ಗಾಡಿ ಗಪ್ಪನೆ ನಿಲ್ಲುವುದು. ಖಾಜಾಸಾಬ್ ಕಟ್ಟಿಗೆ ಹಾಕಿ ಕೆರೆದು ತೆಗೆಯುವವರೆಗೆ ನಾವು ಹೊಲದ ಬದುವಿನ ಮೇಲೆ ನಿಲ್ಲುವುದು. ಹೆಸರು ಬಿತ್ತಿದ ಹೊಲಗಳು ಹಸಿರಾಗಿದ್ದವು. ಸಣ್ಣ ಜಿಟಿಜಿಟಿ ಮಳೆಯಲ್ಲಿ ಸಾಲುಗಳ ನಡುವೆ ಎಡೆ ಹೊಡೆದು ಕಳೆ ತೆಗೆಯುವವರು ನಮ್ಮನ್ನು ನಿಂತು ನೋಡುತ್ತಿದ್ದರು. ಬಹಳ ದಿನಗಳ ಮೇಲೆ ಹೊರಗಿನ ಗಾಳಿ ಕುಡಿದಿದ್ದೆ. ಸ್ವಲ್ಪ ಹೊತ್ತು ಮಗಳನ್ನು ಮರೆತೆನಲ್ಲಾ ಅಂತ ಮರುಗಳಿಗೆಗೇ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಹಳ್ಳಿಗಳಲ್ಲಿ ಕರಪತ್ರ ಓದುವವರಿಲ್ಲ. ಊರ ವಾಲೀಕಾರನಿಂದ ಡಂಗುರ ಹೊಡೆಸುತ್ತಿದ್ದೆವು. ಅವನು ಕರಪತ್ರದ ಮಾತನ್ನು ತನ್ನ ಬಾಯಿಗೆ ಹೊಂದಿಸಿಕೊಂಡು ಹಲಗೆ ಬಡಿದು ಕೂಗುತ್ತಿದ್ದ. “ಆಡೋರಿಲ್ಲದ ಆಟಿಗಿ ಇದ್ದವ್ರು ಕೊಡ್ರೆಪ್ಪೋ! ತಂದಿ ತಾಯಿ ಇಲ್ಲದ ಕೂಸುಗೊಳಿಗೆ ಕೊಡ್ರೆವ್ವೋ!”

ನಾನು ಕೆಳಗಿಳಿದು ಬಾಗಿಲಿಗೆ ಹೋದರೆ ಹೆಂಗಸರು ಬರುತ್ತಿದ್ದರು. ಗುಂಪಾಗಿ ಬರುತ್ತಿರಲಿಲ್ಲ, ಒಬ್ಬೊಬ್ಬರೇ ಬರುತ್ತಿದ್ದರು. ಕುಷ್ಟಗಿ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬಳು ಹಿತ್ತಿಲ ಬಾಗಿಲಿಗೆ ಕರೆದು, ಸೆರಗಿನೊಳಗಿಂದ ಒಂದು ಗಿಲಕಿ ತೆಗೆದುಕೊಟ್ಟಳು. “ನಮ್ಮತ್ತಿಗೆ ಹೇಳಬ್ಯಾಡ್ರಿ ಮತ್ತ,” ಎಂದಳು. ಇನ್ನೊಬ್ಬಳು ತೊಟ್ಟಿಲ ಮೇಲೆ ಕಟ್ಟುವ ಕಟ್ಟಿಗೆಯ ಗಿಣಿ ತಂದಳು, ಅದರ ದಾರಕ್ಕೆ ಇನ್ನೂ ಅರಿಶಿನದ ಬಣ್ಣವಿತ್ತು. ಒಬ್ಬ ಮುದುಕಿ ಜಂತಿಯ ಸಂದಿಯಿಂದ ಅರಿವೆಯ ಗೊಂಬೆ ಇಳಿಸಿ, ಧೂಳು ಜಾಡಿಸಿ ಕೊಟ್ಟಳು. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಎಲ್ಲವೂ ಅಚ್ಚುಕಟ್ಟು.

“ಎಷ್ಟ್ ಜತನಾ ಮಾಡೀರವಾ!” ಎಂದು ನಾನು ಬಾಯ್ತುಂಬ ಹೊಗಳಿದೆ. ಅವರು ತಿರುಗಿ ಒಳಗೆ ಹೋಗಿಬಿಡುತ್ತಿದ್ದರು. ಖಾಜಾಸಾಬ್ ಅವನ್ನು ಚೀಲಕ್ಕೆ ಹಾಕುತ್ತಾ, ಗಂಗಾವತಿಯ ಶ್ರೀಮಂತರ ಆಟಿಕೆಗಿಂತ ಇವೇ ಮೇಲು, ಒಂದೂ ಮುರಿದಿಲ್ಲ ನೋಡಿ ಎಂದ. ಸಂಜೆ ಗ್ಯಾರೇಜಿನಲ್ಲಿ ಎಲ್ಲವನ್ನೂ ಒಟ್ಟಿಗೆ ಸುರುವಿ, ಮತ್ತೆ ಚೀಲ ತುಂಬಿ, ಹಳೆ ಟ್ಯೂಬಿನ ರಬ್ಬರಿನಿಂದ ಬಿಗಿದ.

ಆಮೇಲೆ ಯಲಬುರ್ಗಾ ಕಡೆಗೆ ಹೋದೆವು. ಊರ ಹೆಸರು ಬೇಡ. ಊರ ಅಗಸಿಬಾಗಿಲ ಹತ್ತಿರದ ಮಣ್ಣಿನ ಮಾಳಿಗೆ ಮನೆ. ಹನಮವ್ವ ಎನ್ನುವ ಹೆಂಗಸು, ನನ್ನದೇ ವಯಸ್ಸಿನವಳು, ಒಂದು ಪುಟ್ಟ ಬಂಡಿ ಹಿಡಿದು ಬಂದಳು. ಬಡಿಗೇರನ ಹತ್ತಿರ ಮಾಡಿಸಿದ್ದು. ನೊಗ, ಗಾಲಿ, ಅಚ್ಚು ಎಲ್ಲವೂ ದೊಡ್ಡ ಬಂಡಿಯಂತೆಯೇ. ಕೊಡುವ ಮೊದಲು ಕಣ್ಣಿಗೆ ಒತ್ತಿಕೊಂಡಳು. ಕೊಟ್ಟ ಮೇಲೂ ಅವಳ ಕೈ ಬಂಡಿಯ ಮೇಲೆಯೇ ಇತ್ತು.

“ಇದನ್ನ ಯಾ ಕೂಸಿಗಿ ಕೊಡ್ತೀರ್ರಿ ಅಕ್ಕಾರ?”

“ಬೋರ್ಡಿಂಗಿನ್ಯಾಗ ಭಾಳ ಹುಡುಗ್ರು ಅದಾರವಾ. ಯಾರಿಗರ ಒಬ್ರಿಗೆ ಕೊಡ್ತೀವಿ.”

“ಹಂಗ ಯಾರಿಗರ ಅಂದ್ರ ಹೆಂಗ್ರಿ? ಗಂಡ ಹುಡುಗಗ ಕೊಡ್ರಿ. ನಮ್ಮ ಯಮನೂರನಷ್ಟ ಇರಬೇಕು ನೋಡ್ರಿ.”

“ನಿಮ್ಮ ಯಮನೂರ ಈಗ ದೊಡ್ಡಾಂವ ಆಗ್ಯಾನೇನು? ಸಾಲಿಗಿ ಹೋಗ್ತಾನ?” ಎಂದೆ ನಾನು, ಮಾತಿಗೆ.

ಅವಳು ನನ್ನನ್ನು ತಿಳಿಗೇಡಿಯನ್ನು ನೋಡಿದಂತೆ ನೋಡಿದಳು. “ಎಲ್ಲಿ ದೊಡ್ಡಾಂವ ಆಗ್ತಾನ್ರಿ ಅಂವಾ? ಹ್ವಾದ ಸುಗ್ಯಾಗ ಹ್ವಾದ. ನೀವ ಡಂಗುರಾ ಹೊಡಿಸೀರಲ್ರಿ, ಆಡೋರಿಲ್ಲದ್ದು ಕೊಡ್ರಿ ಅಂತ.”

ಅವಳೇ ಮುಂದುವರಿಸಿದಳು. “ಆಡೂ ಕೂಸಿನ ಕೈಯಾಗಿಂದ ಯಾ ತಾಯಿ ಕಸಗೊಂಡು ಕೊಡ್ತಾಳ್ರಿ? ಒಂದ ಆಟಿಗ್ಯಾಗ ನಾಕ ಮಕ್ಳು ಆಡ್ತಾವು ನಮ್ಮಲ್ಲಿ. ಮಿಕ್ಕಿದ್ದು ಅಂದ್ರ ಇಂಥಾದ್ದ ನೋಡ್ರಿ.”

ಗಿಲಕಿ, ಗಿಣಿ, ಅರಿವೆಯ ಗೊಂಬೆ, ಬಟ್ಟೆಯಲ್ಲಿ ಸುತ್ತಿದ ಎಲ್ಲವೂ ಒಂದೇ ಗಳಿಗೆಯಲ್ಲಿ ಅರ್ಥವಾದವು. ಪಟ್ಟಣದವರಿಗೆ ಆಡುವವರಿಲ್ಲ ಅಂದರೆ ಮಕ್ಕಳು ಬೆಳೆದಿದ್ದಾರೆ ಅಂತ. ಈ ಊರುಗಳಲ್ಲಿ ಅದಕ್ಕೆ ಇದ್ದ ಅರ್ಥ ಒಂದೇ. ಅತ್ತೆಯರ ಕಣ್ಣು ತಪ್ಪಿಸಿ ಜಂತಿಯಲ್ಲಿ, ಕಾಳಿನ ಗುಮ್ಮಿಯಲ್ಲಿ, ಗೋಡೆಯ ಮಾಡದ ಮೂಲೆಯಲ್ಲಿ ಬಚ್ಚಿಟ್ಟದ್ದನ್ನು ಆ ತಾಯಂದಿರು ತಂದು ನನ್ನ ಕೈಗಿಟ್ಟಿದ್ದರು. ನಾನು ಅವರ ಜತನ ಹೊಗಳುತ್ತಾ ನಿಂತಿದ್ದೆ.

ನನ್ನ ಮುಖದಲ್ಲಿ ಅವಳು ಏನು ಕಂಡಳೋ. “ನಿಮ್ಮದೂ ಹೋಗೈತೇನ್ರಿ?” ಎಂದಳು ಮೆಲ್ಲಗೆ.

“ಹೂನವಾ. ಹೆಣ್ಣು ಕೂಸು.”

“ಅದರದು ಕೊಟ್ಟೀರೇನ್ರಿ?”

“ಇಲ್ಲ.”

ಅವಳು ಬಂಡಿಯ ಮೇಲಿನ ಕೈ ತೆಗೆದಳು. ಏನಾದರೂ ಅಂದಿದ್ದರೆ ತಡೆದುಕೊಳ್ಳಬಹುದಿತ್ತು.

ಯಲಬುರ್ಗಾದ ಚಹಾದಂಗಡಿಯಲ್ಲಿ ಗಂಡಸರಿಗೆ ಇದನ್ನು ಹೇಳಿದೆ. ಸುಬ್ಬರಾವ್ “ಅಯ್ಯೋ ದೇವುಡಾ” ಎಂದು ತಲೆಯ ಮೇಲೆ ಕೈ ಹೊತ್ತರು. ಖಾಜಾಸಾಬ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಚೀಲದ ಕಡೆ ನೋಡುತ್ತಾ ಕುಳಿತ. ಇವರು ಜೇಬಿನಿಂದ ಕರಪತ್ರ ತೆಗೆದು ಮತ್ತೊಮ್ಮೆ ಓದಿದರು.

“ಬರದಾಂವ ನಾನ. ಬ್ಯಾರೆ ಮಾತು ಬರೀಬೇಕಾಗಿತ್ತು.”

ಆ ಮಾತು ಇವರ ಕೈಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಬಳಸದ ಆಟಿಕೆ, ಹಳೆಯ ಆಟಿಕೆ ಅಂತ ಬರೆಯಲು ಇವರಿಗೇನು ಬರುತ್ತಿರಲಿಲ್ಲವೇ? ಬರೆಯುವಾಗ ಇವರ ಮನಸ್ಸು ಇದ್ದದ್ದು ಟ್ರಂಕಿನಲ್ಲಿ. ಅಲ್ಲಿಂದಲೇ ಆ ಮಾತು ಬಂದಿತ್ತು. ಅವತ್ತು ಇವರ ಮೇಲಿನ ಸಿಟ್ಟು ನನಗೆ ಇಳಿಯಿತು. ಈ ಮನುಷ್ಯನೂ ನನ್ನಷ್ಟೇ ನೊಂದಿದ್ದಾರೆ, ಹೇಳಲು ಬಾರದೆ ಊರೂರು ತಿರುಗುತ್ತಿದ್ದಾರೆ ಅನ್ನಿಸಿ ಇವರ ತಟ್ಟೆಗೆ ನನ್ನ ಪಾಲಿನ ಮಂಡಕ್ಕಿ ಸುರಿದೆ.

ಬೋರ್ಡಿಂಗಿನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಗಂಗಮ್ಮನವರು. ಅಡಿಗೆ, ಜಳಕ, ಪೆಟ್ಟು, ಪ್ರೀತಿ ಎಲ್ಲವೂ ಅವರದೇ. ಅವರಿಗೆ ಸುಳ್ಳು ಹೇಳುವುದು ನಮ್ಮಿಂದಾಗಲಿಲ್ಲ. ಚೀಲ ಇಳಿಸಿದ ಕೂಡಲೆ ನಾನೇ ಎಲ್ಲ ಹೇಳಿದೆ. ಅವರು ಚೀಲದಿಂದ ಎರಡು ಹೆಜ್ಜೆ ಹಿಂದೆ ಸರಿದರು.

“ಯವ್ವಾ, ಇವು ಮೊದಲ ಹೆತ್ತವ್ರನ್ನ ಕಳಕೊಂಡ ಕೂಸುಗೋಳು. ಇವಕ್ಕ ಹ್ವಾದವ್ರ ಸಾಮಾನ ಮುಟ್ಟಸಲೇನು? ನಾಳೆ ಒಂದಕ್ಕ ಜ್ವರ ಬಂದ್ರ ಯಾರನ್ನ ಕೇಳಲಿ ನಾನು?”

“ಹಂಗಾರ ಗಂಗಾವತೀವಾದ್ರೂ ಕೊಡ್ರಿ,” ಎಂದರು ಇವರು.

“ಯಾವ್ ಗಂಗಾವತೀವು, ಯಾವ್ ಕುಷ್ಟಗೀವು, ಆರಿಸಿ ಕೊಡ್ರಿ ನೋಡೂಣು.”

ಆರಿಸಲು ಆಗುವಂತಿರಲಿಲ್ಲ. ಎಲ್ಲವೂ ಬೆರೆತುಹೋಗಿದ್ದವು. ಇದ್ದವರದು, ಹೋದವರದು ಅಂತ ಆಟಿಕೆಯ ಮೇಲೆ ಬರೆದಿರುತ್ತದೆಯೇ? ಖಾಜಾಸಾಬ್ ಕಿನ್ನಾಳದಲ್ಲಿ ಹೊಸ ಬಣ್ಣ ಹಚ್ಚಿಸಿಕೊಂಡು ಬರುತ್ತೇನೆ ಎಂದ. ನಾನು ಬೇಡವೇ ಬೇಡ ಎಂದೆ. ಆ ಮಕ್ಕಳ ಬೆರಳು ಹತ್ತಿದ ಬಣ್ಣ ಅದು, ಅದನ್ನು ಕೆರೆದು ತೆಗೆದರೆ ಉಳಿಯುವುದೇನು? ಗಂಗಮ್ಮನವರು ಚೀಲಗಳನ್ನು ಉಗ್ರಾಣದಲ್ಲಿ ಹಾಕಿಸಿ ಬೀಗ ಜಡಿದರು. ಅವರ ಜೊತೆ ವಾದ ಮಾಡುವ ಬಾಯಿ ನನಗೆಲ್ಲಿತ್ತು? ಮಂದಿಯದನ್ನು ತಂದು ಸುರಿದಿದ್ದೆ, ನನ್ನದು ಟ್ರಂಕಿನಲ್ಲೇ ಇತ್ತು.

ಪಂಚಮಿ ಬಂತು. ಬೋರ್ಡಿಂಗಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಸುಬ್ಬರಾವ್ ಕಳಿಸಿದ ಶೇಂಗಾ ಉಂಡಿ, ಎಳ್ಳುಂಡಿ ಹಂಚಲು ನಾನೂ ಇವರೂ ಹೋಗಿದ್ದೆವು. ಮಕ್ಕಳು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುತ್ತಿದ್ದವು. ಆಗ ಗೇಟಿನಲ್ಲಿ ಒಬ್ಬ ಹೆಂಗಸು, ಹಿಂದೆ ತಲೆಗೆ ಪಟಗ ಸುತ್ತಿದ ಒಬ್ಬ ಗಂಡಸು ಕಾಣಿಸಿದರು. ಹನಮವ್ವ. ಪಂಚಮಿಗೆ ತವರಿಗೆ ಕರೆಯಲು ಬಂದ ಅಣ್ಣನನ್ನು ಕಾಡಿ ಬೇಡಿ, ಬಸ್ಸು ಬದಲಿಸಿ ಕೊಪ್ಪಳಕ್ಕೆ ಬಂದಿದ್ದಳು. ಮಡಿಲಲ್ಲಿ ಉಂಡಿಯ ಗಂಟಿತ್ತು.

“ಅಕ್ಕಾರ, ನಮ್ಮ ಯಮನೂರನ ಬಂಡಿ ಯಾ ಕೂಸು ಆಡಾಕತ್ತೈತ್ರಿ? ಒಂದೀಟ ತೋರಸ್ರಿ. ನೋಡಿ ಹೋಗಿಬಿಡ್ತೀನಿ.”

ನಾನು ಗಂಗಮ್ಮನವರ ಮುಖ ನೋಡಿದೆ. ಗಂಗಮ್ಮನವರು ನೆಲ ನೋಡಿದರು. ಹನಮವ್ವ ಅಂಗಳದಲ್ಲಿದ್ದ ಒಂದೊಂದೇ ಮಗುವಿನ ಕೈ ನೋಡುತ್ತಾ ಬಂದಳು. ಕೊಬ್ಬರಿ ಬಟ್ಟಲು ಬಿಟ್ಟರೆ ಯಾರ ಕೈಯಲ್ಲೂ ಏನೂ ಇರಲಿಲ್ಲ. “ಹೊಂದಲಿಲ್ಲೇನ್ರಿ?” ಎಂದಳು. ದನಿ ಕುಗ್ಗಿತ್ತು. “ನಂದು ಮುಟ್ಟಲಿಲ್ಲೇನ್ರಿ ಯಾರೂ?”

ಗಂಗಮ್ಮನವರು ಸೊಂಟದಿಂದ ಕೀಲಿ ತೆಗೆದರು. ಹೋಗಿ ಉಗ್ರಾಣದ ಬಾಗಿಲು ತೆರೆದರು. ಹನಮವ್ವ ಚೀಲದೊಳಗೆ ಕೈಯಾಡಿಸಿ ತನ್ನ ಬಂಡಿ ಹುಡುಕಿದಳು. ಮಕ್ಕಳಲ್ಲಿ ಒಬ್ಬ ಹುಡುಗನನ್ನು, ಮೂಗು ಸೋರುತ್ತಿದ್ದವನನ್ನು, ಹತ್ತಿರ ಕರೆದು ಸೆರಗಿನಿಂದ ಅವನ ಮೂಗು ಒರೆಸಿ, ಬಂಡಿಯನ್ನು ತನ್ನ ಕೈಯಾರೆ ಕೊಟ್ಟಳು.

“ತಾಯಿ ಕೊಡಾಕತ್ತೀನಪ್ಪಾ, ಏನೂ ಆಗಂಗಿಲ್ಲ. ಆಡು.”

ಹುಡುಗ ಬಂಡಿಗೆ ಎರಡು ಕಲ್ಲು ಹೇರಿಕೊಂಡು ಓಡಿದ. ಹನಮವ್ವ ಕಟ್ಟೆಯ ಮೇಲೆ ಕುಳಿತು ನೋಡಿದಳು. ಅವಳ ಅಣ್ಣ ಬಸ್ಸಿನ ಹೊತ್ತಾಯಿತೆಂದು ಎಬ್ಬಿಸುವವರೆಗೂ ನೋಡಿದಳು. ಹೋಗುವಾಗ ಅತ್ತಳು. ಗಂಗಮ್ಮನವರೂ ಅತ್ತರು. ಅವತ್ತೇ ಎಲ್ಲ ಚೀಲಗಳನ್ನೂ ಬಿಚ್ಚಿ ಅಂಗಳದಲ್ಲಿ ಸುರಿದರು.

ಶ್ರಾವಣ ಪೂರ್ತಿ ಇನ್ನೂ ಕೆಲವರು ಬಂದರು. ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ. ಸಂತೆಗೆ ಬಂದ ನೆಪ, ದೇವರಿಗೆ ಬಂದ ನೆಪ ಮಾಡಿಕೊಂಡು ಬೋರ್ಡಿಂಗಿನ ಗೇಟಿಗೆ ಬಂದು ನಿಲ್ಲುವರು. ಕೆಲವರು ಒಳಗೆ ಬಂದು ಮಕ್ಕಳ ತಲೆ ಸವರಿದರು. ಕುಷ್ಟಗಿಯ ಗಿಲಕಿಯ ತಾಯಿ ಒಳಗೂ ಬರಲಿಲ್ಲ. ಗೋಡೆಯಾಚೆ ನಿಂತು ಗಿಲಕಿಯ ಸದ್ದು ಕೇಳಿಸಿಕೊಂಡು ಹೋದಳು. ಆಟಿಕೆಯ ದೆಸೆಯಿಂದ ಆ ಮಕ್ಕಳಿಗೆ ನೋಡಲು ಬರುವವರಾದರು. ಹೋದವರು ಮಾತ್ರ ಯಾರಿಗೂ ತಿರುಗಿ ಬರಲಿಲ್ಲ. ಅದನ್ನು ನೋಡಿಕೊಂಡು ಮನೆಗೆ ಬಂದ ರಾತ್ರಿಗಳಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ನಾನೇ ಟ್ರಂಕು ತೆಗೆದೆ. ಸೀರೆಯ ಮಡಿಕೆ ಬಿಚ್ಚಿದರೆ ಗೊಂಬೆ ಇಟ್ಟಂತೆಯೇ ಇತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದು ನಿಂತೆ. ಇವರು ಫಟಫಟಿಗೆ ಕಿಕ್ ಹೊಡೆದರು. ಬೋರ್ಡಿಂಗಿನಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಮಾತಿಗಿಂತ ಓಟ ಹೆಚ್ಚು, ಎರಡು ಜಡೆಯಲ್ಲಿ ಒಂದು ಯಾವಾಗಲೂ ಬಿಚ್ಚಿರುವುದು. ಅವಳ ಕೈಗೆ ಕೊಟ್ಟೆ. ಕೊಟ್ಟು ತಿರುಗಿ ನೋಡದೆ ಬಂದುಬಿಟ್ಟೆ. ಹನಮವ್ವನಂತೆ ಕಟ್ಟೆಯ ಮೇಲೆ ಕುಳಿತು ನೋಡುವ ಎದೆ ನನಗಿರಲಿಲ್ಲ. ಆಮೇಲೆ ಬೋರ್ಡಿಂಗಿನ ಬೀದಿಯಲ್ಲೇ ಹಾಯುವುದನ್ನು ಬಿಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಇವರಿಗೆ ಲಿಂಗಸುಗೂರಿಗೆ ವರ್ಗವಾಯಿತು. ಸಾಮಾನು ಲಾರಿಗೆ ಹೇರಿದ್ದಾಯಿತು. ಗಂಗಮ್ಮನವರಿಗೆ ಹೇಳದೆ ಹೋಗುವುದು ಸರಿಯಲ್ಲ ಎಂದು ಇವರು ಗಾಡಿಯನ್ನು ಆ ಕಡೆ ತಿರುಗಿಸಿದರು. ನಮ್ಮನ್ನು ಕಂಡ ಕೂಡಲೆ ರೇಣುಕಾ ಜೋಕಾಲಿಯಿಂದ ಜಿಗಿದು, ಎರಡೂ ಕೈ ಬೆನ್ನಿಗೆ ಅಡಗಿಸಿಕೊಂಡು ಗೋಡೆಗೆ ಒತ್ತಿ ನಿಂತಳು.

“ಏನ್ ಮುಚ್ಚಾಕತ್ತೀಯಲೇ? ತೋರಸು ಅಕ್ಕಾರಿಗೆ,” ಎಂದರು ಗಂಗಮ್ಮನವರು.

ಅವಳು ಹೆದರಿ ಹೆದರಿ ಮುಂದೆ ಹಿಡಿದಳು. ನನಗೆ ಒಮ್ಮೆಲೇ ಗುರುತು ಸಿಗಲಿಲ್ಲ. ಹಸಿರು ಸೀರೆ ಸವೆದು ಕಟ್ಟಿಗೆ ಕಾಣುತ್ತಿತ್ತು. ಮೂಗು ಇರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಹಚ್ಚಿ ಜಿಡ್ಡು ಹಿಡಿದಿತ್ತು. ಒಂದು ಕೈ ಭುಜದಿಂದಲೇ ಮುರಿದುಹೋಗಿತ್ತು.

“ನಾ ಮುರದಿಲ್ರಿ, ಅದ ಮುರೀತ್ರಿ.”

“ಹೆಂಗ ಮುರೀತವಾ?”

“ದಿನಾ ಜಳಕಾ ಮಾಡಸ್ತಿದ್ನಿರಿ. ಜೋಕಾಲ್ಯಾಗ ಕುಂದರಸಿದ್ನಿ. ಇನ್ನೂ ಜೋರಾಗಿ ತೂಗು ಅಂತು. ತೂಗಿದ್ನಿ, ಬಿತ್ತು.”

ವರ್ಷಕ್ಕಿಂತ ಹೆಚ್ಚು ಕಾಲ ಅದನ್ನು ಟ್ರಂಕಿನಲ್ಲಿ ಒಂದು ಗೆರೆಯೂ ಬೀಳದಂತೆ ಕಾಯ್ದಿದ್ದೆ. ಇನ್ನೂ ಜೋರಾಗಿ ತೂಗು ಎನ್ನಲು ಅಲ್ಲಿ ಅದಕ್ಕೆ ಯಾರಿದ್ದರು? ನನ್ನ ಸುಮಿ ಬದುಕಿದ್ದರೆ ಇಷ್ಟೊತ್ತಿಗೆ ಅವಳೇ ಮುರಿದಿರುತ್ತಿದ್ದಳು. ಅವಳನ್ನು ಬೈದು, ಒಂದು ಏಟು ಹಾಕಿ, ಅವಳು ಅತ್ತ ಮೇಲೆ ಎತ್ತಿಕೊಂಡಿರುತ್ತಿದ್ದೆ. ನಾನು ಅಲ್ಲೇ ಅಂಗಳದ ಮಣ್ಣಿನಲ್ಲಿ ಕುಸಿದು, ಮಕ್ಕಳು, ಗಂಗಮ್ಮ, ಗೇಟಿನಲ್ಲಿ ನಿಂತ ಇವರು, ಯಾರ ಪರಿವೆಯೂ ಇಲ್ಲದೆ ದೊಡ್ಡ ದನಿ ತೆಗೆದು ಅತ್ತೆ.

ರೇಣುಕಾ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತಳು. ತನ್ನ ಲಂಗದ ಅಂಚಿನಿಂದ ನನ್ನ ಮುಖ ಒರೆಸಿದಳು.

“ಅಳಬ್ಯಾಡ್ರಿ ಅಕ್ಕಾರ,” ಎಂದಳು. “ಇನ್ನೊಂದ ಕೈ ಐತಲ್ರಿ.”